ಗೆಂಡೆ ಮರಿಗಳು ಎಲ್ಲಿ ಕಡಿಮೆಯಾದವು? ಮೊಟ್ಟೆಯಿಂದ ಗಾಳದ ಕೆರೆಯವರೆಗೆ ದೋಷ ಹುಡುಕುವ ಕೈಪಿಡಿ

"ಮೀನು ಸಾಯ್ತಿವೆ, ಏನು ಹಾಕಬೇಕು?" ಗೆಂಡೆ ಸಾಕುವವರು ಮೊದಲು ಕೇಳುವ ಪ್ರಶ್ನೆ ಇದೇ. ಇದಕ್ಕೆ ನೇರ ಉತ್ತರ ಇಲ್ಲ. ಮೊದಲು ಬೇರೆ ಐದು ವಿಷಯ ಗೊತ್ತಾಗಬೇಕು. ಯಾವ ಹಂತದಲ್ಲಿ ಸತ್ತವು? ದಿನದ ಯಾವ ಹೊತ್ತಿನಲ್ಲಿ? ದೊಡ್ಡವೋ, ಚಿಕ್ಕವೋ? ಅದೇ ನೀರಲ್ಲಿರುವ ಬೇರೆ ಜಾತಿಯ ಮೀನು ಚೆನ್ನಾಗಿವೆಯಾ? ಆಗ ನೀರು ಎಷ್ಟು ಡಿಗ್ರಿ ಇತ್ತು? ಇಷ್ಟು ತಿಳಿಯದೆ ಉಪ್ಪು, ಫಾರ್ಮಲಿನ್, ಪರ್ಮಾಂಗನೇಟ್ ಸುರಿದರೆ ಇದ್ದ ಸುಳಿವೂ ಅಳಿಸಿಹೋಗುತ್ತದೆ.

ಇಲ್ಲಿ ಹೇಳುತ್ತಿರುವುದು ಸಾಮಾನ್ಯ ಗೆಂಡೆಯ (ಕಾಮನ್ ಕಾರ್ಪ್) ಬಗ್ಗೆ. ಗಾಳ ಹಾಕುವ ಕೆರೆಗಳಿಗೆ ಬಿಡಲು ಇದನ್ನು ಮೊಟ್ಟೆಯಿಂದಲೇ ಬೆಳೆಸುವವರಿಗೆ ಈ ಬರಹ. ಕೆರೆಯಲ್ಲಿ ಕಣ್ಣಿಗೆ ಬೀಳುವ ತೊಂದರೆ ಬಹಳ ಸಲ ಕೆರೆಯದ್ದಲ್ಲ. ಅದರ ಬೇರು ತಿಂಗಳುಗಳ ಹಿಂದೆ, ಬೇರೆ ಕೊಳದಲ್ಲಿ ಇರುತ್ತದೆ. ಹಾಗಾಗಿ ಹುಡುಕಾಟ ಹಿಂದಕ್ಕೆ ಹೋಗಬೇಕು.

ಮೊದಲು ಲೆಕ್ಕ

ಹೆಣ್ಣು ಗೆಂಡೆ ತನ್ನ ತೂಕದ ಪ್ರತಿ ಕಿಲೋಗೆ ಒಂದರಿಂದ ಎರಡು ಲಕ್ಷ ಮೊಟ್ಟೆ ಇಡುತ್ತದೆ. ಒಡೆದು ಬಂದ ಮರಿ 5-6 ಮಿಲಿಮೀಟರ್ ಇರುತ್ತದೆ. ಅಷ್ಟು ಸಣ್ಣ ಮರಿ ಸತ್ತರೆ ಕೆಲವೇ ಗಂಟೆಯಲ್ಲಿ ಕರಗಿಹೋಗುತ್ತದೆ, ಹೆಣ ಸಿಗುವುದಿಲ್ಲ. ಅರ್ಧ ಲಕ್ಷ ಮರಿ ಸತ್ತರೂ ಕೊಳ ನೋಡಲು ಚೆನ್ನಾಗಿಯೇ ಇರುತ್ತದೆ. ಲೆಕ್ಕ ಇಲ್ಲದಿದ್ದರೆ ಇದು ತಿಳಿಯುವುದು ಬಲೆ ಎಳೆದ ದಿನ.

ಹಂತ ಬದಲಾಗುವ ಪ್ರತಿ ಸಲವೂ ಒಂದು ಸಂಖ್ಯೆ ಬರೆದಿಡಿ. ಹೆಣ್ಣಿನ ಹೊಟ್ಟೆ ಒತ್ತಿ ಹಿಂಡಿದ ಮೊಟ್ಟೆ ಎಷ್ಟು, ಅದರಲ್ಲಿ ಮರಿಯ ಕಣ್ಣು ಮೂಡಿದ್ದು ಎಷ್ಟು, ಈಜಲು ಶುರು ಮಾಡಿದ ಮರಿ ಎಷ್ಟು, ಎಳೆ ಮರಿ ಬೆಳೆಸುವ ನರ್ಸರಿ ಕೊಳದಿಂದ ಹೊರಬಂದದ್ದು ಎಷ್ಟು, ಕೆರೆಗೆ ಹೋದದ್ದು ಎಷ್ಟು. ಅಳತೆ ಲೋಟದಲ್ಲಿ ಅಂದಾಜು ಮಾಡಿದರೂ ಸಾಕು. ನರ್ಸರಿ ಕೊಳದಲ್ಲಿ ಮೂರು ನಾಲ್ಕು ವಾರ ಕಳೆದ ಮೇಲೆ ನೂರಕ್ಕೆ 40ರಿಂದ 70 ಮರಿ ಉಳಿದರೆ ಸರಿ ಇದೆ ಎಂದೇ ಅರ್ಥ. ನೂರಕ್ಕೆ 10 ಉಳಿದಿದ್ದರೆ ಆ ಮೂರು ವಾರದಲ್ಲೇ ಏನೋ ಆಗಿದೆ, ಮೊಟ್ಟೆಯಿಂದ ಮರಿ ಮಾಡಿಸುವ ಹ್ಯಾಚರಿಯನ್ನು ಬೈದು ಪ್ರಯೋಜನ ಇಲ್ಲ.

ಇಂಜೆಕ್ಷನ್ ಕೊಟ್ಟರೂ ಮೊಟ್ಟೆ ಬಿಡುತ್ತಿಲ್ಲ

ಮೊದಲು ನೀರಿನ ಉಷ್ಣತೆ ನೋಡಿ. ಗೆಂಡೆಗೆ 18ರಿಂದ 22 ಡಿಗ್ರಿ ಸೆಲ್ಸಿಯಸ್ ಹಿತ. ರಾತ್ರಿ ನೀರು ತಣ್ಣಗಾಗಿ ಇದರ ಕೆಳಗೆ ಇಳಿದಿದ್ದರೆ ಮೀನು ತಡೆದುಕೊಂಡು ನಿಲ್ಲುತ್ತದೆ. ಮೊಟ್ಟೆ ಬಿಡಿಸಲು ಒಣಗಿಸಿದ ಪಿಟ್ಯುಟರಿ (ಮೀನಿನ ಮೆದುಳಿನ ಕೆಳಗಿನ ಗ್ರಂಥಿ) ಪುಡಿಯ ಇಂಜೆಕ್ಷನ್ ಅನ್ನು ಹೆಣ್ಣಿಗೆ ಎರಡು ಕಂತಿನಲ್ಲಿ ಕೊಡುವುದು ರೂಢಿ. ಮೊದಲು ಹತ್ತನೇ ಒಂದು ಭಾಗ, 8-12 ಗಂಟೆ ಬಿಟ್ಟು ಉಳಿದದ್ದು. ಎರಡನೇ ಕಂತು ಆದ ಮೇಲೆ ನೀರಿನ ಡಿಗ್ರಿಯನ್ನು ಗಂಟೆಗಳಿಂದ ಗುಣಿಸುತ್ತಾ ಹೋಗಿ. 240-260 ಆಗುವ ಹೊತ್ತಿಗೆ ಮೊಟ್ಟೆ ಸಡಿಲಾಗಬೇಕು. 20 ಡಿಗ್ರಿಯಲ್ಲಿ ಅದು 12-13 ಗಂಟೆ, 24 ಡಿಗ್ರಿಯಲ್ಲಿ 10-11 ಗಂಟೆ.

ಲೆಕ್ಕ ಸರಿಯಿದ್ದೂ ಮೊಟ್ಟೆ ಬರದಿದ್ದರೆ ಉಳಿಯುವುದು ಎರಡು ಸಂಶಯ. ಪುಡಿ ತೇವ ಹಿಡಿದು ಶಕ್ತಿ ಕಳೆದುಕೊಂಡಿರಬಹುದು. ಅಥವಾ ಮೊಟ್ಟೆಯೇ ಇನ್ನೂ ಹಣ್ಣಾಗಿಲ್ಲದಿರಬಹುದು. ಒಂದೇ ಪುಡಿ ಪಡೆದ ಹೆಣ್ಣುಗಳಲ್ಲಿ ಕೆಲವು ಬಿಟ್ಟು ಕೆಲವು ಬಿಡದಿದ್ದರೆ ಎರಡನೆಯದೇ ಕಾರಣ. ಹೊಟ್ಟೆ ಉಬ್ಬಿದ್ದರೆ ಸಾಲದು, ಮೆತ್ತಗೂ ಇರಬೇಕು. ಕೊಬ್ಬಿದ ಹೆಣ್ಣನ್ನು ಹಣ್ಣಾದ ಹೆಣ್ಣು ಎಂದು ತಪ್ಪು ತಿಳಿಯುವುದು ತುಂಬಾ ಸುಲಭ.

ಮೊಟ್ಟೆ ಬಿಳಿಚುತ್ತಿದೆ

ಬಿಳಿ ಮೊಟ್ಟೆ ಕಂಡ ತಕ್ಷಣ ಎಲ್ಲರ ಕೈ ಬೂಸ್ಟಿನ ಔಷಧಿಯ ಕಡೆ ಹೋಗುತ್ತದೆ. ಆದರೆ ಸ್ಯಾಪ್ರೊಲೆಗ್ನಿಯಾ ಎಂಬ ಈ ಹತ್ತಿಯಂಥ ಬೂಸ್ಟು ಹೆಚ್ಚಾಗಿ ಸತ್ತ ಮೊಟ್ಟೆಯ ಮೇಲೆ ಶುರುವಾಗಿ ಆಮೇಲೆ ಪಕ್ಕದ ಜೀವಂತ ಮೊಟ್ಟೆಯನ್ನು ಸುತ್ತಿಕೊಳ್ಳುತ್ತದೆ. ಹಾಗಾಗಿ ಮೊದಲ ಮೊಟ್ಟೆ ಯಾಕೆ ಸತ್ತಿತು ಎಂಬುದೇ ಪ್ರಶ್ನೆ. ಅದಕ್ಕೆ ಉತ್ತರ ಸತ್ತ ಹೊತ್ತಿನಲ್ಲಿದೆ.

ಮೊದಲ ಅರ್ಧ ದಿನದಿಂದ ಒಂದು ದಿನದೊಳಗೆ ರಾಶಿ ರಾಶಿ ಬಿಳಿಚಿದರೆ ಮೊಟ್ಟೆ ಫಲಿತವಾಗಿಲ್ಲ. ಇಲ್ಲೊಂದು ಮೋಸ ಇದೆ. ಫಲಿತವಾಗದ ಗೆಂಡೆ ಮೊಟ್ಟೆಯೂ ಮೊದಲ ಕೆಲವು ಗಂಟೆ ಸುಳ್ಳು ವಿಭಜನೆ ತೋರಿಸಬಲ್ಲದು. ಮೈಕ್ರೋಸ್ಕೋಪ್ ಕೆಳಗೆ ನೋಡಿ "ನೂರಕ್ಕೆ 95 ಫಲಿತ" ಎಂದು ಬರೆದುಕೊಂಡವರಿಗೆ ಸಂಜೆ ಹೊತ್ತಿಗೆ ಮೊಟ್ಟೆ ಇಟ್ಟ ಜಾಡಿ ತುಂಬಾ ಬಿಳಿ. ಎಣಿಕೆಯನ್ನು ಹತ್ತು ಹನ್ನೆರಡು ಗಂಟೆ ಕಳೆದ ಮೇಲೆ ಮಾಡಿದರೆ ನಂಬಬಹುದು.

ಫಲಿತವಾಗದಿರಲು ಮುಖ್ಯ ಕಾರಣ ನೀರು. ಗೆಂಡೆಯ ವೀರ್ಯಾಣು ನೀರು ತಗುಲಿದ ಮೇಲೆ ಹೆಚ್ಚೆಂದರೆ ಒಂದು ನಿಮಿಷ ಚುರುಕಾಗಿ ಓಡಾಡುತ್ತದೆ. ವೀರ್ಯಾಣು ಒಳಹೋಗುವ ಮೊಟ್ಟೆಯ ಬಾಯಿಯೂ ಅಷ್ಟರಲ್ಲೇ ಮುಚ್ಚಿಕೊಳ್ಳುತ್ತದೆ. ಒದ್ದೆ ಬೋಗುಣಿ, ಒರೆಸದ ಮೀನಿನ ಮೈ, ಹಿಂಡುವಾಗ ಜೊತೆಗೆ ಬಂದ ಗಂಡಿನ ಮೂತ್ರ, ಯಾವುದಾದರೂ ಸಾಕು. ಎರಡು ಮೂರು ಗಂಡುಗಳ ವೀರ್ಯವನ್ನು ಒಣ ಬೋಗುಣಿಯಲ್ಲಿ ಮೊಟ್ಟೆಗೆ ಬೆರೆಸಿ, ಆಮೇಲಷ್ಟೇ ನೀರು ಹಾಕಬೇಕು. ಎರಡನೇ ಕಾರಣ ತಡ. ಸಡಿಲಾದ ಮೊಟ್ಟೆಯನ್ನು ಹೊಟ್ಟೆಯಲ್ಲೇ ಬಿಟ್ಟು ಗಂಟೆಗಳು ಕಳೆದರೆ ಅದು ಅತಿಯಾಗಿ ಹಣ್ಣಾಗುತ್ತದೆ. ಒಂದು ಹೆಣ್ಣಿನ ಜಾಡಿ ಮಾತ್ರ ಹಾಳಾಗಿ ಉಳಿದವು ಚೆನ್ನಾಗಿದ್ದರೆ ತಡವನ್ನು ಅನುಮಾನಿಸಿ. ಒಂದೇ ಗಂಡು ಬೆರೆಸಿದ ಎಲ್ಲ ಜಾಡಿಗಳೂ ಹಾಳಾಗಿದ್ದರೆ ಆ ಗಂಡನ್ನು.

ಮೊಟ್ಟೆ ಗುಂಪು ಗುಂಪಾಗಿ ಅಂಟಿಕೊಂಡು ಗುಂಪಿನ ನಡುವಿನದು ಮೊದಲು ಸತ್ತರೆ ಉಸಿರು ಕಟ್ಟಿದೆ. ಮೊಟ್ಟೆಯ ಮೇಲಿನ ಅಂಟು ಸರಿಯಾಗಿ ಬಿಟ್ಟಿಲ್ಲ. ಲೀಟರ್ ನೀರಿಗೆ 4 ಗ್ರಾಂ ಉಪ್ಪು, 3 ಗ್ರಾಂ ಯೂರಿಯಾ ಹಾಕಿದ ದ್ರಾವಣದಲ್ಲಿ ಒಂದು ಗಂಟೆಗೂ ಜಾಸ್ತಿ ನಿಧಾನವಾಗಿ ಕಲಕುವ ಹಳೆಯ ವಿಧಾನ ಇದಕ್ಕೇ ಇರುವುದು. ಕೊನೆಗೆ ಉಳಿದ ಅಂಟು ಹೋಗಲು ಟ್ಯಾನಿನ್ (ಒಗರು ಪದಾರ್ಥ) ಬೆರೆಸಿದ ನೀರಲ್ಲಿ ಕೆಲವೇ ಸೆಕೆಂಡು ಅದ್ದುತ್ತಾರೆ. ಆ "ಕೆಲವೇ ಸೆಕೆಂಡು" ನಿಮಿಷವಾದರೆ ಚಿಪ್ಪು ಗಟ್ಟಿಯಾಗುತ್ತದೆ. ಆಗ ಕಾಣುವುದು ಬೇರೆ ದೋಷ: ಮೂರನೇ ದಿನ ಒಳಗೆ ಮರಿ ಒದ್ದಾಡುತ್ತಿರುತ್ತದೆ, ಕಣ್ಣು ಕಪ್ಪಗೆ ಕಾಣುತ್ತದೆ, ಆದರೆ ಹೊರಗೆ ಬರಲು ಆಗುವುದಿಲ್ಲ.

ಇನ್ನೊಂದು ದೋಷ ನೀರಿಗೂ ಕೈಗೂ ಸಂಬಂಧವಿಲ್ಲದ್ದು. ಎಲ್ಲ ಸರಿಯಿದ್ದು, ಪ್ರತಿ ಬ್ಯಾಚಿನಲ್ಲೂ ಸುಮಾರು ಕಾಲು ಭಾಗ ಮರಿಗಳು ಮೊಟ್ಟೆ ಒಡೆಯುವ ಹೊತ್ತಿಗೆ ಸಾಯುತ್ತಿವೆಯಾ? ತಂದೆ ತಾಯಿಯ ಹುರುಪೆ ನೋಡಿ. ಗೆಂಡೆಯ ಹುರುಪೆ ವಿನ್ಯಾಸವನ್ನು ಎಸ್ ಮತ್ತು ಎನ್ ಎಂಬ ಎರಡು ಜೀನ್‌ಗಳು ನಿರ್ಧರಿಸುತ್ತವೆ. ಹುರುಪೆಯೇ ಇಲ್ಲದ ಚರ್ಮ ಗೆಂಡೆಯಲ್ಲೂ, ಮೈಯ ಪಕ್ಕದಲ್ಲಿ ಒಂದೇ ಸಾಲು ಹುರುಪೆ ಇರುವ ಗೆಂಡೆಯಲ್ಲೂ ಎನ್ ಜೀನ್‌ನ ಒಂದು ಪ್ರತಿ ಇರುತ್ತದೆ. ಇಂಥ ಎರಡನ್ನು ಕೂಡಿಸಿದರೆ ನಾಲ್ಕರಲ್ಲಿ ಒಂದು ಮರಿಗೆ ಎರಡು ಪ್ರತಿ ಸಿಕ್ಕಿ ಅದು ಬದುಕುವುದಿಲ್ಲ. ಯಾವ ಔಷಧಿಯೂ ಇದನ್ನು ತಡೆಯುವುದಿಲ್ಲ. ಜೋಡಿ ಬದಲಿಸಬೇಕು ಅಷ್ಟೆ. ಅಲ್ಲಲ್ಲಿ ದೊಡ್ಡ ಹುರುಪೆ ಚದುರಿರುವ ಕನ್ನಡಿ ಗೆಂಡೆಯಲ್ಲಿ ಈ ಜೀನ್ ಇಲ್ಲ, ಹಾಗಾಗಿ ಅವುಗಳನ್ನು ಒಂದಕ್ಕೊಂದು ಧಾರಾಳವಾಗಿ ಕೂಡಿಸಬಹುದು.

ಮರಿ ತಳದಿಂದ ಏಳುತ್ತಿಲ್ಲ

20-23 ಡಿಗ್ರಿಯಲ್ಲಿ ಮೊಟ್ಟೆ ಒಡೆಯಲು ಸುಮಾರು ಮೂರು ದಿನ. ಆಮೇಲೆ ಇನ್ನೆರಡು ಮೂರು ದಿನ ಮರಿ ಗೋಡೆಗೋ ಗಿಡಕ್ಕೋ ಅಂಟಿ ನೇತಾಡುವುದು ಸಹಜ. ಅಷ್ಟರಲ್ಲಿ ಗಾಬರಿ ಬೇಡ. ಅದಾದ ಮೇಲೂ ತಳದಲ್ಲಿ ಜಿಗಿದು ಜಿಗಿದು ಬೀಳುತ್ತಿದ್ದರೆ ಮರಿಯನ್ನು ತೇಲಿಸುವ ಗಾಳಿಚೀಲ ತುಂಬಿಲ್ಲ. ಮರಿ ಮೇಲೆ ಬಂದು ಒಂದು ಗುಟುಕು ಗಾಳಿ ನುಂಗಿದರೆ ಮಾತ್ರ ಅದು ತುಂಬುತ್ತದೆ. ನೀರಿನ ಮೇಲೆ ತೆಳುವಾದ ಜಿಡ್ಡಿನ ಪದರ ಇದ್ದರೂ ಅದಕ್ಕೆ ಅಡ್ಡಿ. ಒಡೆದ ಮೊಟ್ಟೆಚಿಪ್ಪು, ಸತ್ತ ಮೊಟ್ಟೆಗಳಿಂದ ಇಂಥ ಪದರ ಬರುತ್ತದೆ. ತೊಟ್ಟಿಯ ಮೇಲೆ ಓರೆಯಾಗಿ ಬೆಳಕು ಬಿಟ್ಟು ನೋಡಿದರೆ ಬಣ್ಣ ಬಣ್ಣವಾಗಿ ಹೊಳೆಯುತ್ತದೆ.

ಇದಕ್ಕೆ ಉಲ್ಟಾ, ಮರಿ ತೇಲುತ್ತಾ ಮೈಯಲ್ಲಿ ಗುಳ್ಳೆ ಕಾಣುತ್ತಿದ್ದರೆ ನೀರಿನಲ್ಲಿ ಗಾಳಿ ಅತಿಯಾಗಿ ಕರಗಿದೆ. ಕೊಳವೆ ಬಾವಿಯ ನೀರು, ಎಲ್ಲೋ ಗಾಳಿ ಎಳೆಯುತ್ತಿರುವ ಪಂಪು, ಇವೆರಡನ್ನು ಮೊದಲು ನೋಡಿ. ನೀರನ್ನು ಜಾಲರಿ ಮೇಲೆ ಚೆಲ್ಲಿ ಬೀಳಿಸಿ ತೊಟ್ಟಿಗೆ ಬಿಟ್ಟರೆ ಹೆಚ್ಚಿನ ಗಾಳಿ ಹೊರಹೋಗುತ್ತದೆ.

ನರ್ಸರಿ ಕೊಳದಲ್ಲಿ ಮರಿ ಮಾಯ

ಅತಿ ಹೆಚ್ಚು ನಷ್ಟ ಆಗುವುದು ಇಲ್ಲೇ, ಅದೂ ಮೊದಲ ವಾರದಲ್ಲಿ. ಕಾರಣಗಳು ಮೂರು ಥರ: ಮರಿಯೇ ದುರ್ಬಲ, ನೀರು ಕೆಟ್ಟಿದೆ, ಇಲ್ಲವೇ ಏನೋ ತಿನ್ನುತ್ತಿದೆ. ಇವನ್ನು ಬೇರ್ಪಡಿಸಲು ಮೂರು ಬೋಗುಣಿ ಸಾಕು.

ಕೊಳಕ್ಕೆ ಮರಿ ಬಿಡುವ ದಿನ ಪ್ರತಿ ಬೋಗುಣಿಗೆ ನೂರು ಮರಿ ಎಣಿಸಿ ಹಾಕಿ. ಮೊದಲನೆಯದರಲ್ಲಿ ಹ್ಯಾಚರಿ ನೀರು. ಎರಡನೆಯದರಲ್ಲಿ ತೆಳುಬಟ್ಟೆಯಲ್ಲಿ ಸೋಸಿದ ಕೊಳದ ನೀರು. ಮೂರನೆಯದರಲ್ಲಿ ಸೋಸದ ಕೊಳದ ನೀರು. ಮೂರನ್ನೂ ನೆರಳಲ್ಲಿ, ಒಂದೇ ಉಷ್ಣತೆಯಲ್ಲಿ ಇಟ್ಟು ಮೆಲ್ಲಗೆ ಗಾಳಿ ಬಿಡಿ. ಮರುದಿನ ಎಣಿಸಿ. ಮೂರರಲ್ಲೂ ಸತ್ತಿದ್ದರೆ ಮರಿ ದುರ್ಬಲ, ಹ್ಯಾಚರಿಗೆ ವಾಪಸ್ ಹೋಗಿ. ಮೊದಲನೆಯದು ಚೆನ್ನಾಗಿದ್ದು ಎರಡನೆಯದೂ ಮೂರನೆಯದೂ ಸತ್ತಿದ್ದರೆ ನೀರಿನ ದೋಷ. ಮೂರನೆಯದು ಮಾತ್ರ ಕಡಿಮೆಯಾಗಿದ್ದರೆ ನೀರಲ್ಲಿರುವ ಸಣ್ಣ ಜೀವಿಗಳ ಕೆಲಸ. ಮೂರರಲ್ಲೂ ಬದುಕಿದ್ದು ಕೊಳದಲ್ಲಿ ಮಾತ್ರ ಮಾಯವಾದರೆ ಬೋಗುಣಿಗೆ ಬರದ ದೊಡ್ಡ ಬೇಟೆಗಾರ ಅಥವಾ ಹಸಿವು. ಈ ಒಂದು ಪರೀಕ್ಷೆ ಮಾಡದೆ ಔಷಧಿ ಖರೀದಿಸಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಸಣ್ಣ ಜೀವಿ ಎಂದರೆ ಮುಖ್ಯವಾಗಿ ಸೈಕ್ಲಾಪ್ಸ್. ಹೊಸದಾಗಿ ನೀರು ತುಂಬಿಸಿದ ಕೊಳದಲ್ಲಿ ಮೊದಲು ರೋಟಿಫರ್ ಎಂಬ ಅತಿ ಸಣ್ಣ ಜೀವಿ ಹೆಚ್ಚುತ್ತದೆ. ಮರಿಯ ಪುಟ್ಟ ಬಾಯಿಗೆ ಹಿಡಿಸುವ ಆಹಾರ ಅದೇ. ಒಂದು ವಾರ ದಾಟಿದರೆ ಡಾಫ್ನಿಯಾ, ಸೈಕ್ಲಾಪ್ಸ್ ಜಾಸ್ತಿಯಾಗಿ ರೋಟಿಫರ್ ಕಡಿಮೆಯಾಗುತ್ತದೆ. ಡಾಫ್ನಿಯಾ ಮರಿಯ ಬಾಯಿಗೆ ದೊಡ್ಡದು. ಸೈಕ್ಲಾಪ್ಸ್ ಮರಿಯನ್ನೇ ಕಚ್ಚುತ್ತದೆ. ಎಂದರೆ ಮೂರು ವಾರ ಮೊದಲೇ ನೀರು ತುಂಬಿಸಿ "ಕೊಳ ಚೆನ್ನಾಗಿ ಹದವಾಗಿದೆ" ಎಂದು ಬೀಗುವವರ ಕೊಳವೇ ಎಳೆ ಮರಿಗೆ ಅಪಾಯ. ಗಾಜಿನ ಲೋಟದಲ್ಲಿ ಕೊಳದ ನೀರು ತೆಗೆದು ಬೆಳಕಿಗೆ ಹಿಡಿಯಿರಿ. ಧೂಳಿನಂತೆ ನಿಧಾನ ತೇಲುವ ಬಿಳಿ ಕಣ ರೋಟಿಫರ್. ತಟಕ್ ತಟಕ್ ಎಂದು ಜಿಗಿಯುವುದು ಸೈಕ್ಲಾಪ್ಸ್. ಜಿಗಿಯುವವೇ ಹೆಚ್ಚಿದ್ದರೆ ಆ ಕೊಳಕ್ಕೆ ಎಳೆ ಮರಿ ಬಿಡಬೇಡಿ. ಬೆಚ್ಚಗಿನ ಕಾಲದಲ್ಲಿ ನೀರು ತುಂಬಿಸಿದ ಐದರಿಂದ ಏಳು ದಿನದೊಳಗೆ ಮರಿ ಬಿಡುವುದು ಕ್ಷೇಮ.

ಹಸಿವಿನ ಪರೀಕ್ಷೆ ಇನ್ನೂ ಸುಲಭ. ಮರಿಯ ಮೈ ಗಾಜಿನಂತೆ ಪಾರದರ್ಶಕ. ಇಪ್ಪತ್ತು ಮರಿ ಹಿಡಿದು ಭೂತಕನ್ನಡಿಯಲ್ಲಿ ಹೊಟ್ಟೆ ನೋಡಿ. ಕರುಳು ತುಂಬಿ ಬಣ್ಣ ಕಂಡರೆ ಊಟ ಸಿಗುತ್ತಿದೆ, ಕಾರಣ ಬೇರೆ ಹುಡುಕಿ. ಖಾಲಿ ಕರುಳು, ದೊಡ್ಡ ತಲೆ, ಸೂಜಿಯಂಥ ಮೈ ಇದ್ದರೆ ಹಸಿವು. ಆಗ ಪ್ರತಿ ಚದರ ಮೀಟರಿಗೆ ಎಷ್ಟು ಮರಿ ಬಿಟ್ಟಿದ್ದೀರಿ ನೋಡಿ. 100ರಿಂದ 400 ಸಾಮಾನ್ಯ ಮಿತಿ. ಗೊಬ್ಬರ, ಪುಡಿ ಆಹಾರ ಸಾಲದಿದ್ದರೆ 400 ತುಂಬಾ ಜಾಸ್ತಿ.

ದೊಡ್ಡ ಬೇಟೆಗಾರರಲ್ಲಿ ನೀರುತಿಗಣೆ, ನೀರು ಜೀರುಂಡೆ, ಏರೋಪ್ಲೇನ್ ಚಿಟ್ಟೆಯ ಮರಿಹುಳು ಮುಖ್ಯ. ಸೋಪು ಮತ್ತು ಎಣ್ಣೆ ಕಲಸಿ ನೀರಿನ ಮೇಲೆ ಹರಡುವ ಉಪಾಯ ಮೊದಲೆರಡಕ್ಕೆ ಕೆಲಸ ಮಾಡುತ್ತದೆ, ಯಾಕೆಂದರೆ ಅವು ಉಸಿರಿಗೆ ಮೇಲೆ ಬರಬೇಕು. ಏರೋಪ್ಲೇನ್ ಚಿಟ್ಟೆಯ ಮರಿಹುಳು ನೀರೊಳಗೇ ಉಸಿರಾಡುತ್ತದೆ, ಎಣ್ಣೆ ಅದಕ್ಕೆ ಲೆಕ್ಕಕ್ಕಿಲ್ಲ. ಎಣ್ಣೆ ಹಾಕಿಯೂ ಮರಿ ಕಡಿಮೆಯಾದರೆ ತಳದ ಕೆಸರನ್ನು ಬುಟ್ಟಿಯಲ್ಲಿ ಜಾಲಿಸಿ ನೋಡಿ. ಇದಕ್ಕೆ ಮದ್ದು ಕೊಳವನ್ನು ಪೂರ್ತಿ ಒಣಗಿಸಿ, ಮರಿ ಬಿಡುವ ಕೆಲವೇ ದಿನ ಮೊದಲು ಸಣ್ಣ ಕಣ್ಣಿನ ಜಾಲರಿ ಮೂಲಕ ನೀರು ತುಂಬಿಸುವುದು. ಇನ್ನೊಂದು ಎಚ್ಚರ: ಆ ಎಣ್ಣೆ ಪದರ ಪೂರ್ತಿ ಹೋಗುವ ಮೊದಲು ಮರಿ ಬಿಟ್ಟರೆ ಮೇಲೆ ಹೇಳಿದ ಗಾಳಿಚೀಲದ ತೊಂದರೆಯನ್ನು ನೀವೇ ತಂದುಕೊಂಡಂತೆ.

ಮೀನು ಮೇಲೆ ಬಂದು ಬಾಯಿ ಬಿಡುತ್ತಿದೆ

ಬೆಳಗಿನ ಜಾವ ಮಾತ್ರ ಬಾಯಿ ಬಿಟ್ಟು, ಬಿಸಿಲೇರಿದ ಮೇಲೆ ಸರಿಯಾದರೆ ಆಮ್ಲಜನಕದ ಕೊರತೆ. ರಾತ್ರಿಯಿಡೀ ಪಾಚಿಯೂ ಉಸಿರಾಡುತ್ತದೆ, ಸೂರ್ಯ ಹುಟ್ಟುವ ಹೊತ್ತಿಗೆ ಆಮ್ಲಜನಕ ಅತಿ ಕಡಿಮೆ. ಸಾಮಾನ್ಯವಾಗಿ ದೊಡ್ಡ ಮೀನು ಮೊದಲು ಸಾಯುತ್ತದೆ, ಬೇರೆ ಜಾತಿಗಳೂ ಒದ್ದಾಡುತ್ತವೆ. ಮಧ್ಯಾಹ್ನ ಆಮ್ಲಜನಕ ಅಳೆದು "ಲೀಟರಿಗೆ 8 ಮಿಲಿಗ್ರಾಂ ಇದೆ, ಚೆನ್ನಾಗಿದೆ" ಎನ್ನುವುದರಲ್ಲಿ ಅರ್ಥವಿಲ್ಲ. ಮೀಟರ್ ಹಿಡಿದು ನಸುಕಿನಲ್ಲಿ ಹೋಗಿ.

ಮಧ್ಯಾಹ್ನ ಕಳೆದ ಮೇಲೆ ಒದ್ದಾಡಿದರೆ ಅಮೋನಿಯಾ ನೋಡಿ. ಪಾಚಿ ದಟ್ಟವಾದ ಕೊಳದಲ್ಲಿ ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) ಮಧ್ಯಾಹ್ನದ ಹೊತ್ತಿಗೆ 9 ದಾಟಬಹುದು. 25 ಡಿಗ್ರಿಯಲ್ಲಿ, ಪಿಎಚ್ 7 ಇದ್ದಾಗ ಒಟ್ಟು ಅಮೋನಿಯಾದ ನೂರನೇ ಒಂದು ಭಾಗವೂ ವಿಷದ ರೂಪದಲ್ಲಿರುವುದಿಲ್ಲ. ಪಿಎಚ್ 9 ಆದರೆ ಮೂರನೇ ಒಂದು ಭಾಗಕ್ಕೂ ಹೆಚ್ಚು ವಿಷ. ಈ ಹೊತ್ತಲ್ಲಿ ಸುಣ್ಣ ಹಾಕುವುದು ಬೆಂಕಿಗೆ ತುಪ್ಪ.

ದಿನವಿಡೀ ಒದ್ದಾಟ ಇದ್ದರೆ ಕಿವಿರು ಎತ್ತಿ ನೋಡಲೇಬೇಕು. ಕಂದು ಬಣ್ಣ ಇದ್ದರೆ ಅಮೋನಿಯಾದಿಂದ ಹುಟ್ಟುವ ನೈಟ್ರೈಟ್ ಎಂಬ ವಿಷ. ನೈಟ್ರೈಟ್‌ನ ಕನಿಷ್ಠ 6 ಪಟ್ಟು ಕ್ಲೋರೈಡ್ ಇರುವಂತೆ ಉಪ್ಪು ಹಾಕಿದರೆ ಅದು ಮೈಯೊಳಗೆ ಹೋಗುವುದು ಕಡಿಮೆಯಾಗುತ್ತದೆ. ಕಿವಿರು ಊದಿ ಲೋಳೆ ಕಟ್ಟಿದ್ದರೆ ಪರಾವಲಂಬಿ. ಮೈಕ್ರೋಸ್ಕೋಪ್ ಕೆಳಗೆ ತಟ್ಟೆಯಂತೆ ಸುತ್ತುವುದು ಟ್ರೈಕೊಡಿನಾ, ಹುಳುವಿನಂತೆ ನಾಲ್ಕು ಕಪ್ಪು ಕಣ್ಣುಚುಕ್ಕೆ ಇರುವುದು ಡಾಕ್ಟಿಲೊಗೈರಸ್. ಎಳೆ ಮರಿಗಳನ್ನು ಗುಂಪಾಗಿ ಕೊಲ್ಲುವುದು ಹೆಚ್ಚಾಗಿ ಇವೇ. ಮೈಮೇಲೆ ರವೆಯಂಥ ಬಿಳಿ ಚುಕ್ಕೆ ಇದ್ದರೆ ಇಕ್ ಎಂಬ ಪರಾವಲಂಬಿ. ಇದು ಚರ್ಮದೊಳಗೆ ಕೂತಿರುವಾಗ ಔಷಧಿ ತಟ್ಟುವುದಿಲ್ಲ, ನೀರಿಗೆ ಬಿದ್ದ ಮೇಲಷ್ಟೇ ತಟ್ಟುತ್ತದೆ. ಅದಕ್ಕೇ ಒಂದೇ ಸಲ ಮದ್ದು ಹಾಕಿ ಸುಮ್ನೆ ಕೂತರೆ ಮತ್ತೆ ಬರುತ್ತದೆ.

ಗೆಂಡೆ ಮಾತ್ರ ಸಾಯುತ್ತಿದ್ದರೆ

ಒಂದೇ ಕೆರೆಯಲ್ಲಿ ಬೇರೆ ಮೀನು ಆರಾಮಾಗಿದ್ದು ಸಾಮಾನ್ಯ ಗೆಂಡೆ ಮತ್ತು ಅದರ ಬಣ್ಣದ ತಳಿ ಕೋಯಿ ಮಾತ್ರ ಸಾಯುತ್ತಿದ್ದರೆ ನೀರನ್ನು ಬಿಟ್ಟು ವೈರಸ್ ಕಡೆ ನೋಡಿ. ಥರ್ಮಾಮೀಟರೇ ಇಲ್ಲಿ ದಾರಿ ತೋರಿಸುತ್ತದೆ. 10ರಿಂದ 17 ಡಿಗ್ರಿ, ಹೊಟ್ಟೆ ಊದಿದೆ, ಕಣ್ಣು ಹೊರಬಂದಿದೆ, ಚರ್ಮದಲ್ಲಿ ರಕ್ತದ ಚುಕ್ಕೆ ಇದೆ ಎಂದಾದರೆ ಸ್ಪ್ರಿಂಗ್ ವೈರೀಮಿಯಾ ಅನುಮಾನ. 16ರಿಂದ 28 ಡಿಗ್ರಿ, ಕಣ್ಣು ಗುಳಿಬಿದ್ದಿದೆ, ಕಿವಿರಿನಲ್ಲಿ ಕೆಂಪು ಬಿಳಿ ತೇಪೆ, ಚರ್ಮ ಒರಟು ಎಂದಾದರೆ ಕೋಯಿ ಹರ್ಪಿಸ್. ಎರಡೂ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿವೆ. ಎರಡಕ್ಕೂ ಮದ್ದಿಲ್ಲ. ಮೀನು, ಬಲೆ, ನೀರು ಯಾವುದನ್ನೂ ಆ ಜಾಗದಿಂದ ಕದಲಿಸದೆ ಮೀನುಗಾರಿಕೆ ಅಧಿಕಾರಿಗಳಿಗೆ ತಿಳಿಸಿ.

ಪರೀಕ್ಷೆಗೆ ಕಳಿಸಬೇಕಾದದ್ದು ಸಾಯುವ ಸ್ಥಿತಿಯಲ್ಲಿರುವ ಮೀನು. ಸತ್ತು ಕೊಳೆತದ್ದರಲ್ಲಿ ಏನೂ ಸಿಗುವುದಿಲ್ಲ.

ಕೆರೆಗೆ ಬಿಟ್ಟ ಮೇಲೆ

ಎರಡು ದಿನದೊಳಗೆ ಸತ್ತರೆ ಸಾಗಾಟದ ದೋಷ. ಸಾಗಿಸುವ 24-48 ಗಂಟೆ ಮೊದಲು ಊಟ ನಿಲ್ಲಿಸಿದ್ದಿರಾ? ಮುಚ್ಚಿದ ಚೀಲದಲ್ಲಿ ಮೀನಿನ ಉಸಿರಿನಿಂದ ಇಂಗಾಲದ ಡೈಆಕ್ಸೈಡ್ ಸೇರಿ ಪಿಎಚ್ ಇಳಿದಿರುತ್ತದೆ. ಅದರಿಂದಲೇ ಅಮೋನಿಯಾ ತೆಪ್ಪಗಿರುತ್ತದೆ. ಚೀಲ ಬಿಚ್ಚಿ ಕೆರೆ ನೀರನ್ನು ಗಂಟೆಗಟ್ಟಲೆ ಹನಿ ಹನಿಯಾಗಿ ಸೇರಿಸಿದರೆ ಪಿಎಚ್ ಏರಿ ಅದೇ ಚೀಲದೊಳಗೆ ವಿಷವಾಗುತ್ತದೆ. ಚೀಲವನ್ನು ಮುಚ್ಚಿದಂತೆಯೇ 15-20 ನಿಮಿಷ ತೇಲಿಸಿ ಉಷ್ಣತೆ ಸರಿಹೊಂದಿಸಿ, ಬಿಚ್ಚಿದ ಮೇಲೆ ತಡ ಮಾಡದೆ ಬಿಡಿ.

ನಾಲ್ಕೈದು ದಿನದಿಂದ ಹತ್ತು ದಿನದಲ್ಲಿ ಬೂಸ್ಟು ಹತ್ತಿ, ಹುಣ್ಣಾಗಿ ಸತ್ತರೆ ಬಲೆ ಉಜ್ಜಿದ ಗಾಯ. ಹುರುಪೆ ಉದುರಿದ ಜಾಗದಲ್ಲೇ ಶುರುವಾಗಿರುತ್ತದೆ.

ಹೊಸ ಮೀನು ಚೆನ್ನಾಗಿದ್ದು ಒಂದೆರಡು ವಾರದಲ್ಲಿ ಕೆರೆಯ ಹಳೆಯ ದೊಡ್ಡ ಗೆಂಡೆಗಳು ಸಾಯತೊಡಗಿದರೆ ಅದು ಬೇರೆಯೇ ಕಥೆ. ಬಂದವರು ರೋಗ ಹೊತ್ತು ತಂದಿದ್ದಾರೆ. ಕೋಯಿ ಹರ್ಪಿಸ್ ಬಂದು ಬದುಕುಳಿದ ಮೀನು ನೋಡಲು ಆರೋಗ್ಯವಾಗಿದ್ದೂ ವೈರಸ್ ಇಟ್ಟುಕೊಂಡಿರಬಲ್ಲದು. ತಣ್ಣನೆಯ ಕಾಲದಲ್ಲಿ ಬಿಟ್ಟಾಗ ಏನೂ ಕಾಣದೆ, ನೀರು ಬಿಸಿಯಾದ ಮೇಲೆ ಸಾವು ಶುರುವಾಗುವುದೂ ಉಂಟು. ಉಲ್ಟಾ ಆದರೆ, ಎಂದರೆ ಹಳೆಯವು ಚೆನ್ನಾಗಿದ್ದು ಹೊಸವು ಮಾತ್ರ ಸತ್ತರೆ, ರೋಗ ಕೆರೆಯಲ್ಲೇ ಇದ್ದಿರಬಹುದು.

ಸಾವಿಲ್ಲ, ಆದರೂ ಗಾಳಕ್ಕೆ ಮೀನು ಸಿಗುತ್ತಿಲ್ಲ ಎಂಬ ದೂರಿಗೆ ಮೊದಲು ಬಿಟ್ಟ ಮರಿಯ ಗಾತ್ರ ನೋಡಿ. ಬೇಟೆ ಮೀನು, ನೀರುಕಾಗೆ ಇರುವ ಕೆರೆಗೆ ಬೆರಳುದ್ದದ ಮರಿ ಬಿಟ್ಟರೆ ಅದು ಅವುಗಳ ಊಟ. ಮೀನು ಸಿಗುತ್ತಿದೆ, ಆದರೆ ಎಲ್ಲ ಒಂದೇ ಗಾತ್ರದ ಸಣ್ಣವು ಎಂದಾದರೆ ಗೆಂಡೆ ಕೆರೆಯಲ್ಲೇ ಮರಿ ಮಾಡುತ್ತಿದೆ, ಅಥವಾ ಬಿಟ್ಟ ಸಂಖ್ಯೆ ಕೆರೆಯ ಆಹಾರಕ್ಕೆ ಮೀರಿದೆ. ದಡದ ಹುಲ್ಲಿನಲ್ಲಿ ಸಣ್ಣ ಬಲೆ ಎಳೆದು ಈ ವರ್ಷದ ಮರಿ ಇದೆಯೇ ನೋಡಿದರೆ ಯಾವುದೆಂದು ಗೊತ್ತಾಗುತ್ತದೆ. ಎರಡಕ್ಕೂ ಹೊಸ ಮರಿ ತಂದು ಬಿಡುವುದು ಪರಿಹಾರವಲ್ಲ. ಇರುವುದನ್ನು ಹಿಡಿದು ಕಡಿಮೆ ಮಾಡಬೇಕು.